ಇಲಿ, ಕೆಂದಳಿಲು, ಮುಳ್ಳುಹಂದಿ: ಹಳೆಯ ಹವಾಮಾನಕ್ಕೂ ಇವಕ್ಕೂ ಏನು ಸಂಬಂಧ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದೊಂದು ಅಡಿಕೆ ತೋಟ. ತೋಟದಲ್ಲಿ ಇಲಿ, ಹೆಗ್ಗಣ, ಅಳಿಲು. ಸೊಪ್ಪಿನ ಬೆಟ್ಟದಲ್ಲಿ ಕೆಂದಳಿಲು, ರಾತ್ರಿಯಾದರೆ ಹಾರುಬೆಕ್ಕು. ತೆಂಗಿನ ಸಸಿಗೆ ಮುಳ್ಳುಹಂದಿ ಕಾಟ. ಇವೆಲ್ಲ ಒಂದೇ ಗುಂಪಿನವು, ಪ್ರಾಚೀನ ಕಾಲದ ಹವಾಮಾನ ಬದಲಾವಣೆಯೇ ಇವನ್ನು ಹೀಗೆ ರೂಪಿಸಿದ್ದು ಎಂದು ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ. ಮಳೆ, ಚಳಿ ಹೆಚ್ಚುಕಡಿಮೆಯಾದರೆ ಪ್ರಾಣಿಯ ಜಾತಿಯೇ ಬದಲಾಗುವುದು ಹೇಗೆ? ಮುಳ್ಳುಹಂದಿಗೆ ಮುಳ್ಳು ಬಂದದ್ದೂ ಹವಾಮಾನದಿಂದಲೇ? ಈಗ ಸೆಕೆ ಏರುತ್ತಿದೆಯಲ್ಲ, ಇಲಿಕಾಟ ಇನ್ನೂ ಹೆಚ್ಚುತ್ತದೆಯೇ?

ಉತ್ತರ: ಮಗಳು ಹೇಳಿದ್ದು ಸರಿಯೇ. ಆದರೆ ಹವಾಮಾನಕ್ಕೂ ಇಲಿಗೂ ನಡುವೆ ಒಂದು ಕೊಂಡಿಯಿದೆ. ಅದನ್ನು ಬಿಟ್ಟು ಹೇಳಿದರೆ ಇದೆಲ್ಲ ಮಾಯಮಂತ್ರದಂತೆ ಕೇಳಿಸುತ್ತದೆ. ಆ ಕೊಂಡಿ ಗಿಡಮರಗಳದು. ಮಳೆ ಕಡಿಮೆಯಾದರೆ ಕಾಡು ತೆಳುವಾಗಿ ಹುಲ್ಲು ಏಳುತ್ತದೆ, ಮಳೆ ಹೆಚ್ಚಿದರೆ ಹುಲ್ಲಿನ ಜಾಗದಲ್ಲಿ ಮರ ಎದ್ದು ನೆರಳು ಕವಿಯುತ್ತದೆ. ಅದರ ಜೊತೆಗೇ ಎರಡು ಸಂಗತಿಗಳು ಬದಲಾಗುತ್ತವೆ: ಬಾಯಿಗೆ ಏನು ಸಿಗುತ್ತದೆ, ಮತ್ತು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗಲು ದಾರಿ ಉಳಿದಿದೆಯೇ ಎಂಬುದು. ದಂಶಕಗಳ, ಅಂದರೆ ಇಲಿ, ಅಳಿಲುಗಳಂಥ ಕಡಿದು ಕೊರೆಯುವ ಪ್ರಾಣಿಗಳ, ವಿಕಾಸದಲ್ಲಿ ಹವಾಮಾನದ ಕೈವಾಡ ಬಹುಪಾಲು ಈ ಎರಡರ ಮೂಲಕವೇ ನಡೆದಿದೆ.

ಯಾವ ಇಲಿಯೂ ತನ್ನ ಆಯುಷ್ಯದಲ್ಲಿ ಬೇರೆ ಜಾತಿಯಾಗುವುದಿಲ್ಲ. ಒಂದೇ ಊರಿನ ಇಲಿಗಳಲ್ಲಿ ಒಂದರ ದವಡೆಹಲ್ಲು ಕೂದಲೆಳೆಯಷ್ಟು ಎತ್ತರವಿರುತ್ತದೆ, ಇನ್ನೊಂದರದು ಅಷ್ಟೇ ಗಿಡ್ಡ. ಮೆತ್ತಗಿನ ಹಣ್ಣು, ಕಾಯಿ ಸಿಗುವಷ್ಟು ದಿನ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹುಲ್ಲೇ ಗತಿ ಎಂದಾದಾಗ ಲೆಕ್ಕ ಬೇರೆಯಾಗುತ್ತದೆ. ಹುಲ್ಲಿನ ಎಸಳಿನಲ್ಲಿ ಮರಳಿನ ಅಂಶವೇ ಆದ ಸಿಲಿಕಾ ಇದೆ, ಬುಡದಲ್ಲಿ ಧೂಳಿದೆ. ಹಲ್ಲು ಬೇಗ ಸವೆದ ಇಲಿ ಬೇಗ ಸಾಯುತ್ತದೆ, ಸವೆಯದೆ ಉಳಿದದ್ದು ಇನ್ನೆರಡು ಸೂಲು ಮರಿ ಹಾಕುತ್ತದೆ. ಇಲಿಗಳಲ್ಲಿ ತಲೆಮಾರು ಉರುಳುವುದು ತಿಂಗಳ ಲೆಕ್ಕದಲ್ಲಿ. ಹಾಗಾಗಿ ಆನೆ, ಕಾಡುಕೋಣಗಳಲ್ಲಿ ಸಾವಿರಾರು ವರ್ಷ ಹಿಡಿಯುವ ಈ ಸೋಸುವ ಕೆಲಸ ಇಲ್ಲಿ ಬಹಳ ಬೇಗ ಮುಗಿಯುತ್ತದೆ.

ನೀವು ಹೆಸರಿಸಿದ ಆರೂ ದಂಶಕಗಳೇ. ಹಾರುಬೆಕ್ಕು ಬೆಕ್ಕಲ್ಲ, ಮುಳ್ಳುಹಂದಿ ಹಂದಿಯಲ್ಲ ಎಂಬುದು ಬಾಯಿ ತೆರೆದು ನೋಡಿದರೆ ಗೊತ್ತಾಗುತ್ತದೆ. ಮೇಲೆರಡು, ಕೆಳಗೆರಡು ಬಾಚಿಹಲ್ಲು. ಅವು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ. ಗಟ್ಟಿ ಎನಾಮಲ್ ಇರುವುದು ಮುಂಬದಿಗೆ ಮಾತ್ರ, ಹಲವು ದಂಶಕಗಳಲ್ಲಿ ಕಬ್ಬಿಣದ ಅಂಶ ಸೇರಿ ಅದಕ್ಕೆ ಕಿತ್ತಳೆ ಬಣ್ಣ. ಹಿಂಬದಿ ಮೆತ್ತಗಿರುವುದರಿಂದ ಬೇಗ ಸವೆದು, ಅಂಚು ಸದಾ ಹರಿತವಾಗಿಯೇ ಉಳಿಯುತ್ತದೆ. ಬಾಚಿಹಲ್ಲಿನ ಹಿಂದೆ ಖಾಲಿ ಜಾಗ, ಆಮೇಲೆ ದವಡೆಹಲ್ಲು. ಜಗತ್ತಿನ ಸಸ್ತನಿಗಳಲ್ಲಿ ಶೇಕಡಾ 40ರಷ್ಟು, ಅಂದರೆ 2,500ಕ್ಕೂ ಹೆಚ್ಚು ಪ್ರಭೇದಗಳು ಇದೇ ಬಾಯಿಯ ಒಡೆಯರು. ಬಾಚಿಹಲ್ಲು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಹವಾಮಾನದ ಕಥೆ ಸಿಗುವುದು ಹಿಂದಿನ ದವಡೆಹಲ್ಲುಗಳಲ್ಲಿ.

ಪಳೆಯುಳಿಕೆಗಳಲ್ಲಿ ದಂಶಕಗಳು ಮೊದಲು ಕಾಣುವುದು ಸುಮಾರು 5.7 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳು ಅಳಿದು 90 ಲಕ್ಷ ವರ್ಷ ಕಳೆದ ಮೇಲೆ. ಸ್ವಲ್ಪದರಲ್ಲೇ, 5.6 ಕೋಟಿ ವರ್ಷಗಳ ಹಿಂದೆ, ಭೂಮಿ ಒಮ್ಮೆಲೇ 5ರಿಂದ 8 ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತು. ಒಮ್ಮೆಲೇ ಎಂದರೆ ಭೂವಿಜ್ಞಾನದ ಲೆಕ್ಕದಲ್ಲಿ, ಕೆಲವು ಸಾವಿರ ವರ್ಷಗಳಲ್ಲಿ. ಉತ್ತರ ಧ್ರುವದ ಆಸುಪಾಸಿನವರೆಗೂ ಕಾಡು ಬೆಳೆದು ಏಷ್ಯಾ, ಯುರೋಪು, ಉತ್ತರ ಅಮೆರಿಕಗಳ ನಡುವೆ ಪ್ರಾಣಿಗಳ ಓಡಾಟ ಸಲೀಸಾಯಿತು. ಆ ಕಾಲದ ದಂಶಕಗಳಲ್ಲಿ ಹೆಚ್ಚಿನವು ಅಳಿಲಿನಂಥವು: ಗಿಡ್ಡ ದವಡೆಹಲ್ಲು, ಬೀಜ, ಹಣ್ಣು, ಚಿಗುರಿನ ಊಟ. ನಮ್ಮ ನೆಲದಲ್ಲಿ ಇವುಗಳ ಹಳೆಯ ಗುರುತು ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕಿದೆ, ಸುಮಾರು 5.4 ಕೋಟಿ ವರ್ಷ ಹಳೆಯದು. ಇನ್ನಷ್ಟು ಈಚಿನ ಒಂದು ದಂಶಕ ಪಾಕಿಸ್ತಾನದ ಕಾಲಾ ಚಿಟ್ಟಾ ಬೆಟ್ಟಸಾಲಿನಲ್ಲಿ ಸಿಕ್ಕಿತು. 1978ರಲ್ಲಿ ಅದಕ್ಕೆ 'ಚಪಾತಿಮಿಸ್' ಎಂದು ಹೆಸರಿಟ್ಟರು. ಹೆಸರಿಡುವ ಹೊತ್ತಿಗೆ ಹಸಿವಾಗಿತ್ತೋ ಏನೋ.

ನಿಜವಾದ ತಿರುವು 3.4 ಕೋಟಿ ವರ್ಷಗಳ ಹಿಂದಿನದು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯಿತು, ಅಂಟಾರ್ಕ್ಟಿಕದ ಮೇಲೆ ಹಿಮ ಕಟ್ಟಿತು, ಸಮುದ್ರದ ಮಟ್ಟ ತಗ್ಗಿತು, ಏಷ್ಯಾದ ಒಳನಾಡು ಒಣಗಿತು. ಮಂಗೋಲಿಯಾದ ಪ್ರಸ್ಥಭೂಮಿಯಲ್ಲಿ ಅಲ್ಲಿಯವರೆಗೆ ಎಲೆ ಮೇಯುವ ಭಾರಿ ಗೊರಸಿನ ಪ್ರಾಣಿಗಳದ್ದೇ ಕಾರುಬಾರು. ಮೇಲಿನ, ಅಂದರೆ ಆಮೇಲಿನ ಕಾಲದ, ಮಣ್ಣಿನ ಪದರಗಳಲ್ಲಿ ಅವು ಹೋಗಿ ದಂಶಕಗಳೂ ಮೊಲದ ಜಾತಿಯವೂ ತುಂಬಿಕೊಂಡಿವೆ. 1998ರಲ್ಲಿ ಜಿನ್ ಮೆಂಗ್ ಮತ್ತು ಮಾಲ್ಕಂ ಮೆಕೆನ್ನಾ ಇದನ್ನು ವಿವರವಾಗಿ ತೋರಿಸಿದರು. ಕಾಡು ಹೋಗಿ ಕುರುಚಲು ಬಂದ ಜಾಗದಲ್ಲಿ ದೊಡ್ಡ ಹೊಟ್ಟೆ ಹೊರೆಯಾಗುತ್ತದೆ. ಬಿಲ ತೋಡಿ ಚಳಿ ತಪ್ಪಿಸಿಕೊಳ್ಳುವ, ಬೀಜ ಕೂಡಿಡುವ, ಗಟ್ಟಿಯಾದದ್ದನ್ನೂ ಅರೆಯಬಲ್ಲ ಸಣ್ಣ ಪ್ರಾಣಿಗೆ ಅಲ್ಲಿ ಬದುಕು ಸುಲಭ. ಅದೇ ಹೊತ್ತಿಗೆ ಯುರೋಪಿನ ಹಳೆಯ ಪ್ರಾಣಿಗಳು ಹಿಂದೆ ಸರಿದು ಏಷ್ಯಾದ ದಂಶಕಗಳು ಅಲ್ಲಿಗೆ ನುಗ್ಗಿದವು.

ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ನಮ್ಮ ಉಪಖಂಡದ್ದೇ. ರಾವಲ್ಪಿಂಡಿಯ ದಕ್ಷಿಣಕ್ಕಿರುವ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಹಿಮಾಲಯದ ನದಿಗಳು ತಂದು ಹಾಕಿದ ಶಿವಾಲಿಕ್ ಮಣ್ಣು ಪದರಪದರವಾಗಿ ನಿಂತಿದೆ. 1970ರ ದಶಕದಿಂದ ಲೂಯಿಸ್ ಜೇಕಬ್ಸ್, ಲಾರೆನ್ಸ್ ಫ್ಲಿನ್ ಮೊದಲಾದವರು ಆ ಮಣ್ಣನ್ನು ನೀರಿನಲ್ಲಿ ತೊಳೆದು, ಜರಡಿ ಹಿಡಿದು, ಅಕ್ಕಿಕಾಳಿಗಿಂತ ಸಣ್ಣ ಹಲ್ಲುಗಳನ್ನು ಒಂದೊಂದಾಗಿ ಆರಿಸಿದರು. ಇಲಿ, ಚಿಟ್ಟಿಲಿಗಳ ವಂಶ ಹುಟ್ಟುವುದನ್ನು ಹೆಜ್ಜೆಹೆಜ್ಜೆಯಾಗಿ ನೋಡಲು ಸಿಗುವುದು ಅಲ್ಲಿ.

ಏನು ನೋಡಬೇಕು ಎಂದು ತಿಳಿಯಲು ಮನೆಯ ಇಲಿಯ ಮೇಲ್ದವಡೆ ಸಾಕು. ಮೊದಲ ದವಡೆಹಲ್ಲು ಉದ್ದದಲ್ಲಿ ಸುಮಾರು ಮೂರು ಮಿಲಿಮೀಟರ್. ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆ ಸಣ್ಣ ಗುಬುಟುಗಳು ಮೂರು ಸಾಲಾಗಿ ನಿಂತಿರುತ್ತವೆ: ಕೆನ್ನೆಯ ಕಡೆಗೊಂದು, ನಡುವೆ ಒಂದು, ನಾಲಿಗೆಯ ಕಡೆಗೊಂದು. ಅಡ್ಡಲಾಗಿ ಅವು ಒಂದಕ್ಕೊಂದು ಕೂಡಿ ಬಾಗಿದ ಏಣುಗಳಾಗಿರುತ್ತವೆ. ಇಲಿಯ ಹಿಂದಿನವರಾದ ಹ್ಯಾಮ್‌ಸ್ಟರ್‌ನಂಥ ದಂಶಕಗಳಲ್ಲಿ ಇದ್ದದ್ದು ಎರಡೇ ಸಾಲು. ಸುಮಾರು 1.4 ಕೋಟಿ ವರ್ಷ ಹಿಂದಿನ ಶಿವಾಲಿಕ್ ಪದರದಲ್ಲಿ 'ಆಂಟೆಮಸ್' ಎಂಬ ಇಲಿ ಸಿಗುತ್ತದೆ. ಅದರ ಹಲ್ಲಿನಲ್ಲಿ ನಾಲಿಗೆ ಕಡೆಯ ಮೂರನೇ ಸಾಲು ಮೂಡಿದೆ, ಆದರೆ ಪಕ್ಕದವುಗಳ ಜೊತೆ ಇನ್ನೂ ಕೂಡಿಲ್ಲ. ಮೇಲಿನ ಪದರಗಳ 'ಪ್ರೊಗೊನೊಮಿಸ್'ನಲ್ಲಿ ಕೂಡಿಕೊಂಡಿದೆ. ಏಣು ಕೂಡಿದ ಮೇಲೆ ದವಡೆಯನ್ನು ಹಿಂದೆ ಮುಂದೆ ಎಳೆದು ಅರೆಯಬಹುದು. ಈ ಹೊಸ ಹಲ್ಲು ಸಿಕ್ಕ ವಂಶದಲ್ಲಿ ಇಂದು 500ಕ್ಕೂ ಮಿಕ್ಕಿ ಪ್ರಭೇದಗಳಿವೆ. ನಿಮ್ಮ ತೆಂಗಿನಕಾಯಿ ಕೊರೆಯುವ ಇಲಿ, ಗದ್ದೆಯ ಹೆಗ್ಗಣ, ಪೆಟ್ಟಿಗೆಯ ಬಟ್ಟೆ ಕಡಿಯುವ ಚಿಟ್ಟಿಲಿ ಎಲ್ಲವೂ ಅದರವೇ.

ಇಲಿ ಹಿಡಿಯುವುದು ಬೇಡವೆನಿಸಿದರೆ ಗೂಬೆಯ ಸಹಾಯ ಪಡೆಯಬಹುದು. ಹಳೆಯ ಶಾಲೆಯ ಅಟ್ಟದಲ್ಲೋ ದೇವಸ್ಥಾನದ ಮಾಡಿನಲ್ಲೋ ಕಣಜಗೂಬೆ ಕೂರುವ ಜಾಗದ ಕೆಳಗೆ ಬೂದುಬಣ್ಣದ ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ಅರಗದ ಕೂದಲು, ಮೂಳೆಗಳನ್ನು ಗೂಬೆ ಉಂಡೆಮಾಡಿ ಕಾರಿದ್ದು. ಕೈಗವಸು ಹಾಕಿಕೊಂಡು (ಇಲಿ ಜ್ವರದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ) ಸೋಪಿನ ನೀರಿನಲ್ಲಿ ನೆನೆಸಿಟ್ಟರೆ ಕೂದಲು ಬಿಟ್ಟು ದವಡೆಗಳು ಇಡಿಯಾಗಿ ಸಿಗುತ್ತವೆ. ಬಾಚಿಹಲ್ಲಿನ ಹಿಂದೆ ಖಾಲಿ ಜಾಗವಿದ್ದರೆ ಇಲಿ. ಜಾಗವಿಲ್ಲದೆ ಚೂಪುಹಲ್ಲು ಒತ್ತಾಗಿದ್ದರೆ ಸೊಂಡಿಲಿ, ಅದು ದಂಶಕವೇ ಅಲ್ಲ. ಪಳೆಯುಳಿಕೆಯಲ್ಲಿ ಸಣ್ಣ ಪ್ರಾಣಿಗಳ ಹಲ್ಲು ಒಂದೇ ಕಡೆ ರಾಶಿಯಾಗಿ ಸಿಕ್ಕರೆ, ಎಷ್ಟೋ ಸಲ ಅದೂ ಯಾವುದೋ ಗೂಬೆಯ ಕೆಲಸವೇ.

ಈ ಹಲ್ಲುಗಳಿಗೂ ಹವಾಮಾನಕ್ಕೂ ಸಂಬಂಧ ತೋರಿಸುವುದು ಇಂಗಾಲ. ಬೇಣದ (ಹುಲ್ಲುಗಾವಲಿನ) ಕರಡ, ಜೋಳ, ಕಬ್ಬು ಇವು ಸಿ-4 ಎಂಬ ಬಗೆಯ ದ್ಯುತಿಸಂಶ್ಲೇಷಣೆ ನಡೆಸುವ ಸಸ್ಯಗಳು. ಮರಗಳು, ಅಡಿಕೆ, ಹುಲ್ಲಿನ ಕುಲದ್ದೇ ಆದರೂ ಭತ್ತ, ಇವು ಸಿ-3. ಇಂಗಾಲದ, ತೂಕ ಮಾತ್ರ ಬೇರೆಯಾದ, ಎರಡು ಸ್ಥಿರ ಬಗೆಗಳಾದ ಐಸೋಟೋಪ್‌ಗಳಲ್ಲಿ ಭಾರದ್ದು ಸಿ-4 ಗಿಡದಲ್ಲಿ ತುಸು ಹೆಚ್ಚಿರುತ್ತದೆ. ಆ ಗುರುತು ತಿಂದವರ ಹಲ್ಲಿಗೂ, ಮಣ್ಣಿನ ಸುಣ್ಣದ ಗಂಟುಗಳಿಗೂ ಇಳಿಯುತ್ತದೆ, ಕೋಟಿ ವರ್ಷ ಕಳೆದರೂ ಅಳಿಯುವುದಿಲ್ಲ. 1989ರಲ್ಲಿ ಜೇ ಕ್ವೇಡ್, ತೂರೆ ಸರ್ಲಿಂಗ್ ಮತ್ತು ಸಂಗಡಿಗರು ಶಿವಾಲಿಕ್ ಮಣ್ಣನ್ನು ಹೀಗೆ ಪರೀಕ್ಷಿಸಿದಾಗ, ಸುಮಾರು 80 ಲಕ್ಷದಿಂದ 60 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ ಅಲ್ಲಿಯ ಕಾಡು ಸರಿದು ಸಿ-4 ಹುಲ್ಲು ಹರಡಿದ್ದು ಕಂಡಿತು. ಮಳೆಗಾಲಕ್ಕೆ ಮಳೆ, ಉಳಿದ ತಿಂಗಳು ಬಿಸಿಲು ಎಂಬ ನಮ್ಮ ಪಂಚಾಂಗ ಗಟ್ಟಿಯಾದ ಕಾಲ ಅದು. 2013ರಲ್ಲಿ ಯೂರಿ ಕಿಮುರಾ ಮತ್ತು ಸಂಗಡಿಗರು, ಅವರಲ್ಲಿ ಚಂಡೀಗಡದ ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪಟ್ನಾಯಕ್ ಕೂಡ ಒಬ್ಬರು, ಲೇಸರ್ ತಾಗಿಸಿ ಆ ಪುಟ್ಟ ಹಲ್ಲುಗಳ ಇಂಗಾಲವನ್ನೇ ಅಳೆದರು. ಒಂದೇ ಜಾಗದಲ್ಲಿದ್ದ ಎರಡು ಇಲಿ ವಂಶಗಳು ಬೇರೆಬೇರೆ ಊಟ ಹಂಚಿಕೊಂಡಿದ್ದವು, ಊಟ ಬದಲಾದಂತೆ ಹಲ್ಲಿನ ಆಕಾರವೂ ಬದಲಾಗಿತ್ತು. ಹವೆ, ಹುಲ್ಲು, ಹಲ್ಲು ಮೂರೂ ಒಂದೇ ಸರಪಳಿಯಲ್ಲಿ ಸಿಕ್ಕ ಇಂಥ ಉದಾಹರಣೆಗಳು ಅಪರೂಪ.

ಇನ್ನೊಂದು ಸಂಶೋಧನೆಯನ್ನು ಹೇಳದೆ ಮುಂದೆ ಹೋಗಲಾರೆ. ಸ್ಪೇನಿನ ಸುಮಾರು 2.2 ಕೋಟಿ ವರ್ಷಗಳ ದಂಶಕ ಹಲ್ಲುಗಳನ್ನು ಸಾಲಾಗಿಟ್ಟು ನೋಡಿದ ಯಾನ್ ವಾನ್ ಡಾಮ್ ತಂಡಕ್ಕೆ 2006ರಲ್ಲಿ ಒಂದು ತಾಳ ಸಿಕ್ಕಿತು. ಸುಮಾರು 24 ಲಕ್ಷ ಮತ್ತು 10 ಲಕ್ಷ ವರ್ಷಗಳಿಗೊಮ್ಮೆ ಹಳೆಯ ಪ್ರಭೇದಗಳು ಹೋಗಿ ಹೊಸವು ಬರುವುದು ಹೆಚ್ಚುತ್ತದೆ. ಅದು ಭೂಮಿಯ ಕಕ್ಷೆ ಮತ್ತು ಅಕ್ಷದ ಓಲಾಟದ ನಿಧಾನಗತಿಯ ಚಕ್ರಗಳಿಗೆ ಹೊಂದುತ್ತದೆ. ಗ್ರಹಗತಿ ಇಲಿಗಳಿಗೂ ತಟ್ಟುತ್ತದೆ ಎಂದರೆ ನಮ್ಮ ಜೋಯಿಸರು ಹಿಗ್ಗಬಹುದು, ಆದರೆ ಇಲ್ಲಿ ನಡುವೆ ಇರುವುದು ಚಳಿ, ಮಳೆ ಮತ್ತು ಹುಲ್ಲು.

ಈಗ ನಮ್ಮ ಘಟ್ಟಕ್ಕೆ ಬರೋಣ. ಶಿರಸಿಯ ಮಣ್ಣಿನಲ್ಲಿ ಇಂಥ ಹಲ್ಲು ಹುಡುಕಲು ಹೊರಡಬೇಡಿ. ಜಂಬಿಟ್ಟಿಗೆಯ ಹುಳಿಮಣ್ಣು, ಅದರ ಮೇಲೆ ಈ ಪರಿಯ ಮಳೆ, ಮೂಳೆ ಕರಗಿಹೋಗುತ್ತದೆ. ಇಲ್ಲಿ ಸಾಕ್ಷಿ ಹೇಳುವುದು ಬದುಕಿರುವ ಪ್ರಾಣಿಗಳು ಮತ್ತು ಕೆಸರಿನಲ್ಲಿ ಹೂತ ಪರಾಗ. ಅವೆರಡೂ ಹೇಳುವ ಕಥೆ ಶಿವಾಲಿಕ್‌ನ ಕಥೆಗೆ ತಿರುಗುಮುರುಗು. ಬಯಲುಸೀಮೆ ಒಣಗಿ ಹುಲ್ಲಾದಾಗಲೂ ಕಡಲಗಾಳಿಯನ್ನು ತಡೆದು ನಿಲ್ಲಿಸುವ ಘಟ್ಟದಲ್ಲಿ ಮಳೆ ನಿಲ್ಲಲಿಲ್ಲ, ಮರ ಉಳಿಯಿತು, ಮರದ ಮೇಲೆ ಹಳೆಯ ವಂಶಗಳು ಉಳಿದವು. ನಿಮ್ಮ ಬೆಟ್ಟದ ಕೆಂದಳಿಲು ಅಂಥದು. ಅಳಿಲುಗಳ ವಂಶವೃಕ್ಷದಲ್ಲಿ ಅದರ ಕುಲ ಬಹಳ ಹಿಂದೆಯೇ ಕವಲೊಡೆದು ಬೇರೆಯಾದದ್ದು; ಅದರ ದಾಯಾದಿಗಳು ಇರುವುದು ಶ್ರೀಲಂಕಾ, ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾದ ಕಾಡುಗಳಲ್ಲಿ.

ಇದಕ್ಕಿಂತ ಸೋಜಿಗದ್ದು ಕೊಡಗಿನಿಂದ ಕೇರಳದವರೆಗಿನ ಕಾಡುಗಳಲ್ಲಿರುವ ಒಂದು ಪುಟ್ಟ ಪ್ರಾಣಿ. ಮೈಮೇಲೆ ಚಪ್ಪಟೆ ಮುಳ್ಳುಗೂದಲು, ತುದಿಯಲ್ಲಿ ಕುಂಚದಂಥ ಬಾಲ, ಮೆಣಸಿನ ಬಳ್ಳಿಗೆ ಹತ್ತಿ ಕಾಳು ತಿನ್ನುವುದರಿಂದ ಇಂಗ್ಲಿಷ್ ಪುಸ್ತಕಗಳಲ್ಲಿ 'ಪೆಪ್ಪರ್ ರ‍್ಯಾಟ್' ಎಂದೂ ಹೆಸರು. 1859ರಲ್ಲಿ ಎಡ್ವರ್ಡ್ ಬ್ಲೈತ್ ಇದನ್ನು 'ಪ್ಲಾಟಕಾಂಥೊಮಿಸ್' ಎಂದು ವರ್ಣಿಸಿದ. ಇದರ ಹತ್ತಿರದ ನೆಂಟ ಬದುಕಿರುವುದು ದಕ್ಷಿಣ ಚೀನಾ, ವಿಯೆಟ್ನಾಂಗಳಲ್ಲಿ. ನಡುವಿನ ಸಾವಿರಾರು ಕಿಲೋಮೀಟರ್‌ಗಳಲ್ಲಿ ಕುಲದವರು ಯಾರೂ ಇಲ್ಲ. ಇದೇ ಕುಟುಂಬದ ಪಳೆಯುಳಿಕೆಗಳು ಯುರೋಪಿನಲ್ಲೂ ಚೀನಾದಲ್ಲೂ ಸಿಕ್ಕಿವೆ, ಅಂದರೆ ಒಂದು ಕಾಲದಲ್ಲಿ ಬಲುದೂರ ಹರಡಿದ್ದ ವಂಶ. ನಡುವಿನ ತೇವದ ಕಾಡು ಒಣಗಿದಾಗ ಎರಡು ತುದಿಗಳಲ್ಲಿ ಸಿಕ್ಕಿಕೊಂಡಿತು. ಗುಡ್ಡದ ತೊರೆಗಳ ಮೀನುಗಳಲ್ಲೂ ಇಂಥದೇ ಒಗಟು ಕಂಡು ಸುಂದರಲಾಲ್ ಹೋರಾ ಅವರು 1940ರ ದಶಕದಲ್ಲಿ, ಹಿಂದೆ ಸಾತ್ಪುರ ಬೆಟ್ಟಸಾಲಿನ ಮೂಲಕ ತೇವದ ದಾರಿಯೊಂದಿತ್ತು ಎಂದು ವಾದಿಸಿದ್ದರು. ಮೀನಿಗೆ ಹೇಳಿದ್ದನ್ನು ಇಲಿಗೂ ಹಾಗೆಯೇ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ, ಕಾಲಮಾನ ಬೇರೆ. ದಾರಿ ತೆರೆಯಿತು, ಮುಚ್ಚಿತು ಎಂಬ ಮೂಲ ಮಾತು ಮಾತ್ರ ನಿಲ್ಲುತ್ತದೆ.

ಹಿಮಯುಗದ ಬರ ನಮ್ಮ ಕರಾವಳಿಯನ್ನೂ ಬಿಡಲಿಲ್ಲ. ಸುಮಾರು 21,000 ವರ್ಷಗಳ ಹಿಂದೆ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕಾರವಾರದ ಎದುರಿನ ಕುರುಮಗಡ, ಅಂಜುದೀವ ದ್ವೀಪಗಳು ಆಗ ದ್ವೀಪಗಳಲ್ಲ, ಒಳನಾಡಿನ ಗುಡ್ಡಗಳು. ದಡ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಇಲಿಯೊಂದು ಕಾಲು ನೆನೆಯದೆ ಅಲ್ಲಿಗೆ ನಡೆದು ಹೋಗಬಹುದಿತ್ತು. ಮುಂಗಾರು ಸೊರಗಿತ್ತು. ನೀಲಗಿರಿಯ ಜೌಗುಮಣ್ಣನ್ನು ಪರೀಕ್ಷಿಸಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ, ಆ ಕಾಲದಲ್ಲಿ ಅಲ್ಲಿ ಸಿ-4 ಹುಲ್ಲು ಹೆಚ್ಚಿತ್ತು ಎಂದು ತೋರಿಸಿದರು. ಹಿಮಯುಗ ಮುಗಿದ ಮೇಲೂ ಏರಿಳಿತ ನಿಲ್ಲಲಿಲ್ಲ. ಕಾರವಾರದ ಕಡಲತಳದಿಂದ ಕೊರೆದು ತೆಗೆದ ಕೆಸರಿನ ಕಂಬಗಳ ಪರಾಗವನ್ನು ಎಣಿಸಿದ ಕರಾಟಿನಿ ಮತ್ತಿತರರು, ಸುಮಾರು 3,500 ವರ್ಷಗಳಿಂದ ಈಚೆಗೆ ಇಲ್ಲಿಯ ಹವೆ ಮೊದಲಿಗಿಂತ ಒಣಗಿದೆ ಎಂದು 1994ರಲ್ಲಿ ಪ್ರಕಟಿಸಿದರು. ಕಾಂಡ್ಲಾ ವನದ ಪರಾಗವೂ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಪರಾಗವೂ ಆಗ ಇಳಿಯುತ್ತವೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ನಿಂತರೆ ಕಾಲಡಿ ನೀರು, ಮೇಲೆ ಮಬ್ಬು. ಹಳೆಯ ತೇವದ ಕಾಡು ಇಂಥ ಕೊಳ್ಳಗಳಲ್ಲಿ ತುಣುಕುತುಣುಕಾಗಿ ಉಳಿದಿದೆ. ಮರ ಬಿಟ್ಟಿಳಿಯದ ಕೆಂದಳಿಲು, ಹಾರುಬೆಕ್ಕುಗಳಿಗೆ ಅಂಥ ತುಣುಕುಗಳೇ ಆಸರೆ.

ಏರಿಳಿತಗಳಿಂದ ಎಲ್ಲವೂ ಸರ್ವನಾಶವಾಯಿತೆಂದಲ್ಲ. ಆಂಧ್ರದ ಕರ್ನೂಲು ಬಳಿಯ ಬಿಲ್ಲಸುರ್ಗಂ ಗುಹೆಗಳಲ್ಲಿ ಎರಡು ಲಕ್ಷ ವರ್ಷಗಳ ಪ್ರಾಣಿ ಅವಶೇಷಗಳಿವೆ. 2014ರ ಒಂದು ಅಧ್ಯಯನ ಅಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಇಂದಿಗೂ ಉಪಖಂಡದಲ್ಲಿವೆ. ಬಯಲು, ಕುರುಚಲು, ಕಾಡು, ನದಿಯಂಚು ಎಲ್ಲ ಅಕ್ಕಪಕ್ಕದಲ್ಲೇ ಇದ್ದು, ಒಂದು ಕೈಕೊಟ್ಟರೆ ಇನ್ನೊಂದಕ್ಕೆ ಸರಿಯಲು ಸಾಧ್ಯವಿದ್ದದ್ದೇ ಇದಕ್ಕೆ ಕಾರಣ.

ಚಳಿ, ಸೆಕೆ ನೇರವಾಗಿ ದೇಹವನ್ನೇ ತಿದ್ದಿದ ಉದಾಹರಣೆಯೂ ಇದೆ. ಅಮೆರಿಕದ ಮರುಭೂಮಿಯಲ್ಲಿ ಒಂದು ಜಾತಿಯ ಇಲಿ ಬಂಡೆಯ ಸಂದಿಯಲ್ಲಿ ಕಸಕಡ್ಡಿ ಕೂಡಿಹಾಕುತ್ತದೆ. ಆ ರಾಶಿ ಅದರ ಮೂತ್ರದಲ್ಲಿ ಗಟ್ಟಿಯಾಗಿ ಸಾವಿರಾರು ವರ್ಷ ಉಳಿಯುತ್ತದೆ. ಫೆಲಿಸಾ ಸ್ಮಿತ್ ಮತ್ತು ಸಂಗಡಿಗರು ಅದರಲ್ಲಿನ ಹಿಕ್ಕೆಯ ಅಗಲ ಅಳೆದು ಇಲಿಯ ಗಾತ್ರ ಲೆಕ್ಕಹಾಕಿದರು. ಚಳಿಯ ಕಾಲದಲ್ಲಿ ಇಲಿ ದೊಡ್ಡದು, ಬಿಸಿಯ ಕಾಲದಲ್ಲಿ ಸಣ್ಣದು. 25,000 ವರ್ಷಗಳುದ್ದಕ್ಕೂ ಇದೇ ಲೆಕ್ಕ. ದೊಡ್ಡ ಮೈಯಿಂದ ಶಾಖ ನಿಧಾನವಾಗಿ ಸೋರುತ್ತದೆ, ಅಷ್ಟೆ.

ನಿಮ್ಮ ಇಲಿಕಾಟದ ಪ್ರಶ್ನೆಗೆ ಉತ್ತರ: ಹೆಚ್ಚುವ ಸಂಭವವಿದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 16 ನಗರಗಳ ಪೈಕಿ 11ರಲ್ಲಿ ಇಲಿ ಹೆಚ್ಚಿದ್ದು ಕಂಡಿತು, ಬೇಗ ಬಿಸಿಯೇರಿದ ನಗರಗಳಲ್ಲಿ ಏರಿಕೆಯೂ ಜಾಸ್ತಿ. ಅವುಗಳಲ್ಲಿ ಭಾರತದ ನಗರ ಇರಲಿಲ್ಲ. ತೋಟದ ಇಲಿಗೆ ಕಾಯಿ, ಕೋಕೋ, ಬಾಳೆ ವರ್ಷವಿಡೀ ಸಿಗುವುದರಿಂದ ಹವೆಗಿಂತ ನಿಮ್ಮ ಬೆಳೆಯೇ ಅದನ್ನು ಹೆಚ್ಚು ಸಾಕುತ್ತಿದೆ ಎಂಬುದು ನನ್ನ ಅನಿಸಿಕೆ. ದಂಶಕಗಳಿಗೆಲ್ಲ ಇದೇ ಅದೃಷ್ಟವಿಲ್ಲ. ಆಸ್ಟ್ರೇಲಿಯಾದ ಬ್ರಾಂಬಲ್ ಕೇ ಎಂಬ ಪುಟ್ಟ ದ್ವೀಪದಲ್ಲಿ ಮಾತ್ರ ಇದ್ದ ಮೆಲೊಮಿಸ್ ಇಲಿ ಅಳಿದಿದೆ ಎಂದು ಅಲ್ಲಿನ ಸರ್ಕಾರ 2019ರಲ್ಲಿ ಘೋಷಿಸಿತು. ಸಮುದ್ರ ಉಕ್ಕಿ ಗಿಡಗಂಟಿ ಕೊಚ್ಚಿಹೋಗಿತ್ತು. ಮನುಷ್ಯರಿಂದಾದ ಹವಾಮಾನ ಬದಲಾವಣೆಗೆ ಬಲಿಯಾದ ಮೊದಲ ಸಸ್ತನಿ ಎಂದು ಅದನ್ನು ಎಣಿಸುತ್ತಾರೆ. 5.6 ಕೋಟಿ ವರ್ಷಗಳ ಹಿಂದೆ ಸಾವಿರಾರು ವರ್ಷ ಹಿಡಿದ ಬಿಸಿ ಈಗ ನೂರಿನ್ನೂರು ವರ್ಷಗಳ ಲೆಕ್ಕದಲ್ಲಿ ಏರುತ್ತಿದೆ. ಎಲ್ಲವನ್ನೂ ತಿನ್ನುವ, ಎಲ್ಲಿಗೂ ನುಗ್ಗುವ ಇಲಿ ಇದನ್ನು ದಾಟುತ್ತದೆ. ಕೊಂಬೆಯಿಂದ ಕೊಂಬೆಗೇ ಹೋಗಬೇಕಾದ ಕೆಂದಳಿಲಿಗೆ ಅಗಲವಾದ ರಸ್ತೆಯೊಂದು ಬಿದ್ದರೂ ದಾರಿ ಮುಚ್ಚಿತು. ಸೊಪ್ಪಿಗೆಂದು ಬೆಟ್ಟದ ಮರಗಳನ್ನು ಪೂರ್ತಿ ಬೋಳಿಸಿದರೂ ಅಷ್ಟೇ.

ಇನ್ನು ಮುಳ್ಳು. ಅದನ್ನು ಹವಾಮಾನದ ಲೆಕ್ಕಕ್ಕೆ ಹಾಕಬೇಡಿ. ಅಮೆರಿಕದ ಮುಳ್ಳುಹಂದಿಗಳು ನಮ್ಮವುಗಳಿಗೆ ಹತ್ತಿರದ ನೆಂಟರಲ್ಲ, ಆದರೂ ಅವಕ್ಕೂ ಮುಳ್ಳಿದೆ. ಎರಡು ಕಡೆಯೂ ಬೇರೆಬೇರೆಯಾಗಿ ಬಂದದ್ದು, ಚಿರತೆಯಂಥವು ಹಿಂದೆ ಬಿದ್ದಾಗ ಬೆನ್ನು ಕೊಟ್ಟು ನಿಲ್ಲಲು. ಹವಾಮಾನದ ಗುರುತು ಇರುವುದು ಅದರ ಎತ್ತರದ ದವಡೆಹಲ್ಲಿನಲ್ಲಿ ಮತ್ತು ಅದು ಹರಡಿರುವ ನಕ್ಷೆಯಲ್ಲಿ. ಟರ್ಕಿ, ಅರೇಬಿಯಾಗಳಿಂದ ಶ್ರೀಲಂಕಾದವರೆಗೆ ಇರುವ ಈ ಪ್ರಾಣಿ ಒಣನೆಲ, ಕಲ್ಲುಗುಡ್ಡಗಳಿಗೂ ಒಗ್ಗಿದ್ದು. ಬೇರು, ಗೆಡ್ಡೆ, ತೊಗಟೆ ಅರೆಯುತ್ತದೆ, ಸತ್ತ ಪ್ರಾಣಿಯ ಮೂಳೆ ಸಿಕ್ಕರೆ ಬಿಲಕ್ಕೆ ಎಳೆದೊಯ್ದು ಕೆರೆಯುತ್ತದೆ. ತೆಂಗಿನ ಸಸಿಯ ಎಳೆಯ ಬುಡ ಅದಕ್ಕೆ ಹಬ್ಬದೂಟ. ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಉರುಳು, ವಿಷದ ಯೋಚನೆ ಬಿಡಿ. ಸಸಿ ಬಲಿಯುವವರೆಗೆ ಬುಡದ ಸುತ್ತ ಗಟ್ಟಿ ತಂತಿಬಲೆ ಕಟ್ಟಿ; ಅಗೆಯುವ ಪ್ರಾಣಿಯಾದ್ದರಿಂದ ಬಲೆ ಒಂದಡಿಯಾದರೂ ಮಣ್ಣಿನೊಳಗೆ ಇಳಿದಿರಲಿ.